ಡೆಸ್ಕ್‌ಟಾಪ್ ತಾನಾಗಿ ರೀಸ್ಟಾರ್ಟ್ ಆಗುತ್ತಿದೆಯೇ? ಎಸ್‌ಎಂಪಿಎಸ್ ಬದಲಿಸುವ ಮುನ್ನ ಇಷ್ಟು ನೋಡಿ

ಡೆಸ್ಕ್‌ಟಾಪ್ ಇದ್ದಕ್ಕಿದ್ದಂತೆ ರೀಸ್ಟಾರ್ಟ್ ಆಗುತ್ತಿದೆ ಎಂದರೆ ರಿಪೇರಿ ಅಂಗಡಿಯಲ್ಲಿ ಬಹುಮಟ್ಟಿಗೆ ಸಿಗುವ ಉತ್ತರ ಒಂದೇ: "ಎಸ್‌ಎಂಪಿಎಸ್ ಹೋಗಿದೆ, ಚೇಂಜ್ ಮಾಡಿಸಿ." ಎಸ್‌ಎಂಪಿಎಸ್ ಎಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ಸಣ್ಣ ವೋಲ್ಟೇಜ್‌ಗಳಿಗೆ ಇಳಿಸಿ ಕೊಡುವ ಪವರ್ ಸಪ್ಲೈ ಡಬ್ಬಿ. ಅನೇಕ ಸಲ ಆ ಉತ್ತರ ನಿಜವೂ ಹೌದು. ಆದರೆ ಪರೀಕ್ಷೆ ಮಾಡದೆ ಹಾಕಿಸಿದ ಹೊಸ ಎಸ್‌ಎಂಪಿಎಸ್‌ನಿಂದ ಕಾಯಿಲೆ ವಾಸಿಯಾಗದಿದ್ದರೆ ಮುಂದಿನ ಸರದಿ ರ‍್ಯಾಮ್‌ನದು, ಅದಾದ ಮೇಲೆ ಮದರ್‌ಬೋರ್ಡ್‌ನದು. ಅಷ್ಟೆಲ್ಲ ಖರ್ಚಾದ ಮೇಲೆ, ಗೋಡೆಯ ಸಾಕೆಟ್‌ನಲ್ಲಿ ಪಿನ್ ಸಡಿಲವಾಗಿತ್ತು ಎಂದು ತಿಳಿಯುವುದೂ ಉಂಟು.

ಇದನ್ನು ಹುಡುಕಲು ಬೇಕಾದದ್ದು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್, ಒಂದು ಸ್ಕ್ರೂಡ್ರೈವರ್, ಬರೆದಿಡಲು ಒಂದು ಹಾಳೆ. ಎಲ್ಲಕ್ಕಿಂತ ಮುಖ್ಯವಾದದ್ದು, ಮಷೀನ್ ಹೇಗೆ ಬಿತ್ತು, ಹೇಗೆ ಎದ್ದಿತು ಎಂಬುದನ್ನು ಸರಿಯಾಗಿ ಗಮನಿಸುವುದು. ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಬೀಳುವ ರೀತಿ

ಎಲ್ಲವನ್ನೂ ನಾವು "ರೀಸ್ಟಾರ್ಟ್" ಎಂದೇ ಕರೆಯುತ್ತೇವೆ. ಆದರೆ ಒಳಗೆ ನಡೆಯುವುದು ಬೇರೆ ಬೇರೆ.

ಚಿತ್ರ ಒಂದೆರಡು ಕ್ಷಣ ನಿಂತು, ಸೌಂಡ್ ಒಂದೇ ಸ್ವರದಲ್ಲಿ ಗೊಯ್ಯೆಂದು ಎಳೆದು, ಆಮೇಲೆ ರೀಸ್ಟಾರ್ಟ್ ಆದರೆ ಅದು ವಿಂಡೋಸ್ ತಾನೇ ಕೈಚೆಲ್ಲಿದ ಲಕ್ಷಣ. ಬ್ಲೂ ಸ್ಕ್ರೀನ್ ಬಂದಿರುತ್ತದೆ, ಆದರೆ ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಅದು ನಮಗೆ ಓದಲು ಪುರುಸೊತ್ತು ಕೊಡದೆ ಮತ್ತೆ ಬೂಟ್ ಆಗುತ್ತದೆ. ದಿಸ್ ಪಿಸಿ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್, ಅದರಲ್ಲಿ ಸ್ಟಾರ್ಟಪ್ ಅಂಡ್ ರಿಕವರಿ ತೆರೆದು ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಎಂಬುದರ ಟಿಕ್ ತೆಗೆದುಬಿಡಿ. ಮುಂದಿನ ಸಲ ಬ್ಲೂ ಸ್ಕ್ರೀನ್ ಪರದೆಯ ಮೇಲೆ ನಿಂತೇ ಇರುತ್ತದೆ. ಈ ಟಿಕ್ ತೆಗೆದ ಮೇಲೂ ಬ್ಲೂ ಸ್ಕ್ರೀನ್ ಕಾಣದೆ ಮಷೀನ್ ರೀಸ್ಟಾರ್ಟ್ ಆಗುತ್ತಿದ್ದರೆ, ವಿಂಡೋಸ್‌ಗೆ ಉಸಿರೆತ್ತಲೂ ಸಮಯ ಸಿಕ್ಕಿಲ್ಲ ಎಂದರ್ಥ. ಆಗ ಅನುಮಾನ ಹಾರ್ಡ್‌ವೇರ್ ಕಡೆಗೆ, ಅದರಲ್ಲೂ ಪವರ್ ಕಡೆಗೆ ತಿರುಗಬೇಕು.

ಎರಡನೆಯದು, ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆ ಕಪ್ಪಾಗಿ, ಫ್ಯಾನ್ ಒಂದಿಷ್ಟು ತಗ್ಗಿದಂತಾಗಿ, ತಕ್ಷಣ ಮದರ್‌ಬೋರ್ಡ್‌ನ ಲೋಗೋ ಬರುವುದು. ಇದು ರೀಸೆಟ್. ಮೂರನೆಯದು, ಪೂರ್ತಿ ಆಫ್ ಆಗಿ, ಪವರ್ ಬಟನ್ ಒತ್ತಿದರೂ ಏಳದೆ, ಗೋಡೆಯ ಸ್ವಿಚ್ ಆರಿಸಿ ಅರ್ಧ ನಿಮಿಷ ಬಿಟ್ಟು ಹಾಕಿದರೆ ಮಾತ್ರ ಏಳುವುದು. ಎಸ್‌ಎಂಪಿಎಸ್‌ನ ರಕ್ಷಣಾ ಸರ್ಕ್ಯೂಟ್ ಓವರ್‌ಲೋಡನ್ನೋ ಶಾರ್ಟನ್ನೋ ಕಂಡು ಬಾಗಿಲು ಹಾಕಿಕೊಂಡಾಗ ಹೀಗಾಗುತ್ತದೆ. ಮೇನ್ಸ್, ಅಂದರೆ ಗೋಡೆಯ ಕರೆಂಟ್, ಹೋಗಿ ಬರುವವರೆಗೆ ಆ ಬಾಗಿಲು ತೆರೆಯುವುದಿಲ್ಲ. ನಾಲ್ಕನೆಯದು, ಆಫ್ ಆಗಿ ಕೂಡಲೇ ಆನ್ ಮಾಡಿದರೆ ಮತ್ತೆ ಬೀಳುವುದು, ಹತ್ತು ನಿಮಿಷ ಬಿಟ್ಟರೆ ಚೆನ್ನಾಗಿ ನಡೆಯುವುದು. ಇದು ಬಿಸಿಯ ಲಕ್ಷಣ.

ಎರಡನೆಯ ಬಗೆಯಲ್ಲಿ ಒಂದು ಗೊಂದಲವಿದೆ. ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಏಳುವ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆಯಲ್ಲಿ, ‘ರೀಸ್ಟೋರ್ ಆನ್ ಎಸಿ ಪವರ್ ಲಾಸ್’ ಎಂಬ ಸೆಟ್ಟಿಂಗ್ ಇರುತ್ತದೆ. ಅದು ‘ಪವರ್ ಆನ್’ ಅಥವಾ ‘ಲಾಸ್ಟ್ ಸ್ಟೇಟ್’ನಲ್ಲಿದ್ದರೆ ಕರೆಂಟ್ ಒಂದು ಕ್ಷಣ ಹೋಗಿ ಬಂದರೂ ಮಷೀನ್ ತಾನಾಗಿ ಏಳುತ್ತದೆ, ನಮಗೆ ಅದು ರೀಸ್ಟಾರ್ಟ್‌ನಂತೆಯೇ ಕಾಣುತ್ತದೆ. ಪರೀಕ್ಷೆಯ ದಿನಗಳಲ್ಲಿ ಅದನ್ನು ‘ಪವರ್ ಆಫ್’ ಮಾಡಿಡಿ. ಆಮೇಲೆ ಮಷೀನ್ ಬಿದ್ದು ಆಫ್ ಆಗಿಯೇ ಉಳಿದು, ಪವರ್ ಬಟನ್ ಒತ್ತಿದರೆ ಸುಮ್ಮನೆ ಎದ್ದರೆ, ಎಸ್‌ಎಂಪಿಎಸ್‌ನ ಸ್ಟ್ಯಾಂಡ್‌ಬೈ 5 ವೋಲ್ಟ್ (ಮಷೀನ್ ಆಫ್ ಇದ್ದಾಗಲೂ ಇರುವಂಥದ್ದು) ಕೂಡ ಹೋಗಿತ್ತು ಎಂದು ಹಿಡಿಯಬಹುದು. ಗೋಡೆ, ಕೇಬಲ್, ಯುಪಿಎಸ್ ಕಡೆ ನೋಡಿ. ‘ಪವರ್ ಆಫ್’ ಇದ್ದೂ ಅದು ತಾನಾಗಿ ಏಳುತ್ತಿದ್ದರೆ ಸ್ಟ್ಯಾಂಡ್‌ಬೈ ಜೀವಂತವಾಗಿಯೇ ಇತ್ತು, ಯಾರೋ ರೀಸೆಟ್ ಒತ್ತಿದಂತಾಗಿದೆ. ಖರ್ಚಿಲ್ಲದ ಈ ಒಂದು ಪರೀಕ್ಷೆಯಿಂದ ಹುಡುಕಾಟದ ಹರವು ಅರ್ಧಕ್ಕೆ ಇಳಿಯುತ್ತದೆ.

ಲಾಗ್ ಏನು ಹೇಳುತ್ತದೆ

ಸ್ಟಾರ್ಟ್ ಮೆನುವಿನಲ್ಲಿ ಇವೆಂಟ್ ವ್ಯೂವರ್ ಹುಡುಕಿ, ವಿಂಡೋಸ್ ಲಾಗ್ಸ್ ಒಳಗಿನ ಸಿಸ್ಟಮ್ ತೆರೆಯಿರಿ. ಎಲ್ಲರ ಕಣ್ಣಿಗೂ ಮೊದಲು ಬೀಳುವುದು ಕೆಂಪು ಗುರುತಿನ ಕರ್ನೆಲ್-ಪವರ್ 41. ಹೆಸರಿನಲ್ಲಿ ಪವರ್ ಇದೆ ಎಂದು ಅದನ್ನು ಎಸ್‌ಎಂಪಿಎಸ್ ಕೆಟ್ಟಿದೆ ಎಂಬುದಕ್ಕೆ ಸಾಕ್ಷಿಯಾಗಿ ಹಿಡಿಯುವವರು ಬಹಳ. ಅದು ಹೇಳುವುದು ಇಷ್ಟೇ: ‘ಹಿಂದಿನ ಸಲ ನನ್ನನ್ನು ಸರಿಯಾಗಿ ಶಟ್‌ಡೌನ್ ಮಾಡಿರಲಿಲ್ಲ.’ ಕಾರಣ ಅದಕ್ಕೂ ಗೊತ್ತಿಲ್ಲ.

ಆದರೆ ಅದರ ಡೀಟೇಲ್ಸ್ ಟ್ಯಾಬ್‌ನಲ್ಲಿ ಎರಡು ಸಾಲುಗಳಿಗೆ ಬೆಲೆಯಿದೆ. ‘ಬಗ್‌ಚೆಕ್‌ಕೋಡ್’ ಎದುರು 0 ಇದ್ದರೆ ಬ್ಲೂ ಸ್ಕ್ರೀನ್ ದಾಖಲಾಗಿಲ್ಲ. ಪವರ್, ರೀಸೆಟ್ ಅಥವಾ ಗಟ್ಟಿಯಾದ ಹ್ಯಾಂಗ್. 0 ಅಲ್ಲದೆ ಬೇರೆ ಸಂಖ್ಯೆ ಇದ್ದರೆ ಅದು ದಶಮಾಂಶದಲ್ಲಿರುತ್ತದೆ. 292 ಎಂದಿದ್ದರೆ ಬ್ಲೂ ಸ್ಕ್ರೀನ್ ಭಾಷೆಯಲ್ಲಿ 0ಎಕ್ಸ್124, ಅಂದರೆ ಪ್ರೊಸೆಸರ್ ತಾನೇ ವರದಿ ಮಾಡಿದ ಹಾರ್ಡ್‌ವೇರ್ ದೋಷ. 278 ಎಂದರೆ 0ಎಕ್ಸ್116, ಗ್ರಾಫಿಕ್ಸ್ ಡ್ರೈವರ್ ಅಥವಾ ಕಾರ್ಡ್. ಇನ್ನೊಂದು ಸಾಲು ‘ಪವರ್‌ಬಟನ್‌ಟೈಮ್‌ಸ್ಟ್ಯಾಂಪ್’. ಅಲ್ಲಿ 0 ಅಲ್ಲದ ಉದ್ದ ಸಂಖ್ಯೆ ಇದ್ದರೆ ಪವರ್ ಬಟನ್ ಒತ್ತಲ್ಪಟ್ಟಿದೆ. ಮನೆಯಲ್ಲಿ ಯಾರೂ ಒತ್ತಿಲ್ಲವಾದರೆ ಬಟನ್ನೇ ಸಿಕ್ಕಿಹಾಕಿಕೊಳ್ಳುತ್ತಿದೆ.

41ರ ಸಮಯ ಮಷೀನ್ ಮತ್ತೆ ಎದ್ದ ಸಮಯ, ಬಿದ್ದದ್ದಲ್ಲ. ಬಿದ್ದ ಹೊತ್ತು ಬೇಕಿದ್ದರೆ ಪಕ್ಕದಲ್ಲೇ ಇರುವ 6008 ನೋಡಿ, ಅದರ ವಾಕ್ಯದೊಳಗೆ ಗಂಟೆ ನಿಮಿಷ ಇರುತ್ತದೆ. ಆ ಹೊತ್ತುಗಳನ್ನು ಹಾಳೆಯಲ್ಲಿ ಬರೆದುಕೊಳ್ಳುತ್ತ ಹೋಗಿ. ಪಕ್ಕದಲ್ಲಿ ಆಗ ಮನೆಯಲ್ಲಿ ಏನು ನಡೆಯುತ್ತಿತ್ತು ಎಂದೂ ಬರೆಯಿರಿ: ನೀರಿನ ಮೋಟರ್ ಹಾಕಿದ್ದು, ಮಿಕ್ಸಿ, ಗೀಸರ್, ಫ್ರಿಜ್ಜಿನ ಕಂಪ್ರೆಸರ್ ಶುರುವಾದದ್ದು. ಐದಾರು ನಮೂದು ಆಗುವಷ್ಟರಲ್ಲಿ ಒಂದು ನಂಟು ಕಾಣಿಸಿಕೊಳ್ಳುವುದುಂಟು. 1074 ಎಂಬ ನಮೂದು ಸಿಕ್ಕರೆ ಯಾವುದೋ ಪ್ರೋಗ್ರಾಮ್, ಬಹುಪಾಲು ವಿಂಡೋಸ್ ಅಪ್‌ಡೇಟ್, ಬೇಕೆಂದೇ ರೀಸ್ಟಾರ್ಟ್ ಮಾಡಿದೆ. ಡಬ್ಲ್ಯುಎಚ್‌ಇಎ-ಲಾಗರ್ 18 ಸಿಕ್ಕರೆ ಪ್ರೊಸೆಸರ್, ಅದರ ವೋಲ್ಟೇಜ್ ಅಥವಾ ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುವುದು) ಕಡೆ ನೋಡಬೇಕು. ಲಿನಕ್ಸ್‌ನಲ್ಲಿ ಜರ್ನಲ್‌ಸಿಟಿಎಲ್ ಕಮಾಂಡ್‌ನಿಂದ ಹಿಂದಿನ ಬೂಟ್‌ನ ಲಾಗ್ ತೆಗೆದು ಕೊನೆಯ ಸಾಲುಗಳನ್ನು ಓದಿ. ಯಾವ ತಕರಾರೂ ಇಲ್ಲದೆ ನಡುವೆಯೇ ಕತ್ತರಿಸಿದಂತೆ ನಿಂತಿದ್ದರೆ ಅದೂ ಪವರ್ ಅಥವಾ ರೀಸೆಟ್ ಕಡೆಗೇ ಬೆರಳು ಮಾಡುತ್ತದೆ.

ಬೂದು ತಂತಿ ಮತ್ತು 16 ಮಿಲಿಸೆಕೆಂಡ್

ಮದರ್‌ಬೋರ್ಡ್‌ಗೆ ಹೋಗುವ 24 ಪಿನ್ ಕನೆಕ್ಟರ್‌ನಲ್ಲಿ 8ನೇ ಪಿನ್‌ನ ಬೂದು ತಂತಿಯ ಹೆಸರು ಪವರ್ ಓಕೆ. ಎಸ್‌ಎಂಪಿಎಸ್ ಆನ್ ಆದಾಗ ಮೊದಲು 12, 5, 3.3 ವೋಲ್ಟ್ ಲೈನ್‌ಗಳು ಸ್ಥಿರವಾಗುತ್ತವೆ. ಅವು ಸರಿಯಾಗಿ ನಿಂತ 100ರಿಂದ 500 ಮಿಲಿಸೆಕೆಂಡ್ ಒಳಗೆ ಈ ತಂತಿಯಲ್ಲಿ 5 ವೋಲ್ಟ್ ಬರುತ್ತದೆ. ಆವರೆಗೆ ಬೋರ್ಡ್ ಪ್ರೊಸೆಸರನ್ನು ರೀಸೆಟ್‌ನಲ್ಲೇ ಹಿಡಿದಿಟ್ಟಿರುತ್ತದೆ. ಮಷೀನ್ ಓಡುತ್ತಿರುವಾಗ ಈ ತಂತಿಯ ವೋಲ್ಟೇಜ್ ಒಂದೇ ಒಂದು ಕ್ಷಣ ಕುಸಿದರೂ ಬೋರ್ಡ್ ಮತ್ತೆ ರೀಸೆಟ್ ಹಾಕುತ್ತದೆ, ತಂತಿ ಸರಿಹೋದ ಕೂಡಲೇ ಬಿಡುತ್ತದೆ. ನಾವು ನೋಡುವ ‘ಸುಮ್‌ಸುಮ್ನೆ ರೀಸ್ಟಾರ್ಟ್’ಗಳಲ್ಲಿ ಬಹಳಷ್ಟು ಇದೇ.

ಕುಸಿಯುವುದು ಯಾಕೆ? ಗೋಡೆಯ ಕರೆಂಟ್ ನಿಂತಾಗ ಎಸ್‌ಎಂಪಿಎಸ್‌ನೊಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಉಳಿದ ಶಕ್ತಿಯ ಮೇಲೆ ಮಷೀನ್ ಸ್ವಲ್ಪ ಹೊತ್ತು ನಡೆಯಬೇಕು. ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳ ಅಳತೆ ಗೊತ್ತುಮಾಡುವ ಎಟಿಎಕ್ಸ್ ವಿನ್ಯಾಸ ಸೂತ್ರ ಬಹುಕಾಲ ಕೇಳುತ್ತಿದ್ದದ್ದು ಪೂರ್ತಿ ಲೋಡಿನಲ್ಲಿ 16 ಮಿಲಿಸೆಕೆಂಡ್. ನಮ್ಮ ಕರೆಂಟ್ 50 ಹರ್ಟ್ಸ್, ಒಂದು ಸೈಕಲ್‌ಗೆ 20 ಮಿಲಿಸೆಕೆಂಡ್. ಅಂದರೆ ಒಳ್ಳೆಯ ಎಸ್‌ಎಂಪಿಎಸ್ ಕೂಡ ಪೂರ್ತಿ ಲೋಡಿನಲ್ಲಿ ಒಂದು ಇಡೀ ಸೈಕಲ್ ಕಳೆದುಕೊಂಡರೆ ತಡೆಯಬೇಕೆಂಬ ಕಟ್ಟಳೆಯಿಲ್ಲ. ಟ್ಯೂಬ್‌ಲೈಟ್ ಒಮ್ಮೆ ಮಿಣುಕಿತು, ಫ್ಯಾನ್ ಓಡುತ್ತಲೇ ಇತ್ತು, ಕಂಪ್ಯೂಟರ್ ಮಾತ್ರ ಬಿತ್ತು ಎಂದರೆ ಆಶ್ಚರ್ಯಪಡಬೇಕಿಲ್ಲ. ಐದಾರು ವರ್ಷ ಬಿಸಿಯಲ್ಲಿ ಬೆಂದ ಅಗ್ಗದ ಕೆಪಾಸಿಟರ್ ತನ್ನ ಸಾಮರ್ಥ್ಯ ಕಳೆದುಕೊಂಡಿರುತ್ತದೆ, ಅದರ ಕಾಲಾವಕಾಶ ಇನ್ನೂ ಕಡಿಮೆ.

ವೋಲ್ಟೇಜ್ ಕಡಿಮೆ ಇರುವ ಊರುಗಳಲ್ಲಿ ಇದು ಮತ್ತೂ ಕೆಟ್ಟದು. ಆಕ್ಟಿವ್ ಪಿಎಫ್‌ಸಿ (ಮೇನ್ಸ್‌ನಿಂದ ಕರೆಂಟನ್ನು ಹದವಾಗಿ ಎಳೆಯುವ ಸರ್ಕ್ಯೂಟ್) ಇಲ್ಲದ ಅಗ್ಗದ ಎಸ್‌ಎಂಪಿಎಸ್‌ನಲ್ಲಿ ಕೆಪಾಸಿಟರ್ ತುಂಬುವುದು ಮೇನ್ಸ್‌ನ ಶಿಖರದವರೆಗೆ: 230 ವೋಲ್ಟ್ ಇದ್ದಾಗ ಸುಮಾರು 325 ವೋಲ್ಟ್, 170ಕ್ಕೆ ಇಳಿದಾಗ ಸುಮಾರು 240. ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಉಳಿಯುವುದು ಶೇ 55 ಮಾತ್ರ. ಅದರಲ್ಲೂ ಒಂದು ಮಟ್ಟದ ಕೆಳಗಿನದು ಬಳಕೆಗೆ ಬರುವುದಿಲ್ಲವಾದ್ದರಿಂದ ನಿಜವಾದ ಉಳಿಕೆ ಇನ್ನೂ ಸಣ್ಣದು. ತ್ರೀ ಫೇಸ್ ಕೊಟ್ಟ ಹೊತ್ತಿಗೆ ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಚಾಲೂ ಆಗುವ ಹಳ್ಳಿಗಳಲ್ಲಿ, ಬೇಸಿಗೆಯಲ್ಲಿ ಮಷೀನ್ ಅದೇ ಹೊತ್ತಿಗೆ ಬೀಳುವುದರ ಗುಟ್ಟು ಇದು. ಆಕ್ಟಿವ್ ಪಿಎಫ್‌ಸಿ ಇರುವುದು ಮೇನ್ಸ್ ಎಷ್ಟೇ ಇದ್ದರೂ ಒಳಗಿನ ವೋಲ್ಟೇಜನ್ನು 380ರ ಆಸುಪಾಸಿಗೆ ಏರಿಸಿಕೊಳ್ಳುತ್ತದೆ. ಹಳ್ಳಿ ಮನೆಯ ಕಂಪ್ಯೂಟರ್‌ಗೆ ಹೊಸದು ಕೊಳ್ಳುವಾಗ ಲೇಬಲ್‌ನಲ್ಲಿ ಇನ್‌ಪುಟ್ 100–240 ವೋಲ್ಟ್ ಎಂದಿದೆಯೇ ನೋಡಿ. 200–240 ಎಂದಷ್ಟೇ ಇದ್ದರೆ ಬೇಡ.

ಗೋಡೆಯ ಕಡೆಯಿಂದ ಶುರು ಮಾಡಿ

ಕ್ಯಾಬಿನೆಟ್ ಬಿಚ್ಚುವ ಮೊದಲು ಹೊರಗಿನದು ಮುಗಿಸಿ. ಎಸ್‌ಎಂಪಿಎಸ್ ಹಿಂಭಾಗಕ್ಕೆ ಸಿಕ್ಕಿಸುವ ಪವರ್ ಕಾರ್ಡ್ ಅಲುಗಾಡಿದರೆ ಅದನ್ನು ಮೊದಲು ಬದಲಿಸಿ, ಮಾನಿಟರ್‌ನ ಕಾರ್ಡೇ ಸಾಮಾನ್ಯವಾಗಿ ಹೊಂದುತ್ತದೆ. ಸ್ಪೈಕ್ ಬಸ್ಟರ್, ಎಕ್ಸ್‌ಟೆನ್ಶನ್ ಬಾಕ್ಸ್ ಎಲ್ಲ ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ, ಸಾಧ್ಯವಾದರೆ ಬೇರೆ ಕೋಣೆಯ ಸಾಕೆಟ್‌ಗೆ ಹಾಕಿ ಎರಡು ದಿನ ನೋಡಿ. ಸ್ಪೈಕ್ ಬಸ್ಟರ್‌ನೊಳಗಿನ ಹಿತ್ತಾಳೆ ಪಟ್ಟಿಗಳು ಕಾಲಕ್ರಮೇಣ ಅಗಲವಾಗಿ ಪಿನ್ ಹಿಡಿತ ತಪ್ಪುತ್ತದೆ. ಪ್ಲಗ್ ತೆಗೆದಾಗ ಪಿನ್ ಮೇಲೆ ಕಪ್ಪು ಕಲೆ ಅಥವಾ ಸುಟ್ಟ ವಾಸನೆ ಇದ್ದರೆ ಬೇರೆ ಸಾಕ್ಷಿ ಬೇಕಿಲ್ಲ.

ಮಲ್ಟಿಮೀಟರನ್ನು ಎಸಿ 600 ಅಥವಾ 750 ವೋಲ್ಟ್ ರೇಂಜ್‌ಗೆ ಇಟ್ಟು, ಕೆಂಪು ಪ್ರೋಬ್ 10 ಆಂಪ್ಸ್ ತೂತಿನಲ್ಲಿಲ್ಲ ಎಂದು ಎರಡು ಸಲ ಖಚಿತ ಮಾಡಿಕೊಂಡು ಅಳೆಯಿರಿ. ಅಭ್ಯಾಸವಿಲ್ಲದವರು ಎಲೆಕ್ಟ್ರಿಷಿಯನ್ ಕರೆಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್ ಮತ್ತು ಅರ್ಥ್ ನಡುವೆ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ 2–3 ವೋಲ್ಟ್‌ಗಿಂತ ಕಡಿಮೆ ಇರಬೇಕು. ಈ ಕೊನೆಯದು ಗೀಸರ್ ಹಾಕಿದಾಗ ಹತ್ತಕ್ಕೋ ಹದಿನೈದಕ್ಕೋ ಜಿಗಿದರೆ ನ್ಯೂಟ್ರಲ್ ಎಲ್ಲೋ ಸಡಿಲವಾಗಿದೆ. ಅದು ಕಂಪ್ಯೂಟರ್‌ಗಷ್ಟೇ ಅಲ್ಲ, ಮನೆಗೇ ಅಪಾಯ, ಮೊದಲು ಅದನ್ನು ಸರಿಮಾಡಿಸಿ.

ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆಯೇ? ಆ ಸಾಕೆಟ್‌ನಲ್ಲಿ ಅರ್ಥ್ ಇಲ್ಲ ಎಂಬುದಕ್ಕೆ ಅದು ಗುರುತು. ಎಸ್‌ಎಂಪಿಎಸ್‌ನ ಫಿಲ್ಟರ್‌ನಲ್ಲಿ ಫೇಸ್‌ನಿಂದ ಮತ್ತು ನ್ಯೂಟ್ರಲ್‌ನಿಂದ ಬಾಡಿಗೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅರ್ಥ್ ಇಲ್ಲದಾಗ ಬಾಡಿ ಅವೆರಡರ ನಡುವೆ ತೇಲಿ ಸುಮಾರು 115 ವೋಲ್ಟ್ ತೋರಿಸುತ್ತದೆ. ಕರೆಂಟ್ ಅತಿ ಸಣ್ಣದಾದ್ದರಿಂದ ಜುಮ್ಮೆನ್ನುವುದಷ್ಟೇ, ಆದರೆ ಪೆನ್‌ಡ್ರೈವ್ ಹಾಕುವಾಗ, ಎಚ್‌ಡಿಎಂಐ ಕೇಬಲ್ ಚುಚ್ಚುವಾಗ ರೀಸ್ಟಾರ್ಟ್ ಆಗುವುದಕ್ಕೆ ಇಷ್ಟು ಸಾಕು. ಹಳೆಯ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇದ್ದೂ ಅರ್ಥ್ ತಂತಿಯೇ ಎಳೆದಿಲ್ಲದಿರುವುದು ಅಪರೂಪವೇನಲ್ಲ.

ಯುಪಿಎಸ್ ಇದ್ದರೆ ನಿಶ್ಚಿಂತೆ ಎಂದುಕೊಂಡವರಿಗೆ ಅದೇ ಮೂಲ ಕಾರಣವಾಗಿರುವುದುಂಟು. ಮನೆಗಳಲ್ಲಿ ಸಾಮಾನ್ಯವಾದ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಒಳಗಿರುವುದು 12 ವೋಲ್ಟ್ 7 ಆಂಪ್ ಅವರ್‌ನ ಒಂದು ಸೀಲ್ಡ್ ಲೆಡ್ ಬ್ಯಾಟರಿ. ಎರಡು ಮೂರು ವರ್ಷಕ್ಕೆ ಅದು ಸೋತಿರುತ್ತದೆ, ಆದರೆ ಹಸಿರು ದೀಪ ಎಂದಿನಂತೆ ಉರಿಯುತ್ತಲೇ ಇರುತ್ತದೆ. ಕರೆಂಟ್ ಹೋದ ಕ್ಷಣ ಬ್ಯಾಟರಿಯ ಮೇಲೆ ಲೋಡ್ ಬಿದ್ದು 10.5 ವೋಲ್ಟ್ ಕೆಳಗೆ ಕುಸಿದು ಯುಪಿಎಸ್ ಕೈಬಿಡುತ್ತದೆ. ಪರೀಕ್ಷೆಗೆ ಕಂಪ್ಯೂಟರ್ ಬೇಡ, 100 ವ್ಯಾಟ್‌ನ ಹಳೆಯ ತಂತಿ ಬಲ್ಬ್ ಒಂದನ್ನು ಯುಪಿಎಸ್‌ಗೆ ಹಾಕಿ ಗೋಡೆಯ ಸ್ವಿಚ್ ಆರಿಸಿ. ಬಲ್ಬ್ ಹತ್ತು ನಿಮಿಷವಾದರೂ ಉರಿಯಬೇಕು. ಸ್ವಿಚ್ ಆರಿಸಿದೊಡನೆ ಆರಿದರೆ ಅಥವಾ ಒಂದು ನಿಮಿಷಕ್ಕೇ ಬೀಪ್ ಬೀಪ್ ಎಂದು ಸತ್ತರೆ ಬ್ಯಾಟರಿ ಬದಲಿಸಿ. ಹಳೆಯದನ್ನು ಅಂಗಡಿಯಲ್ಲಿ ವಾಪಸ್ ತೆಗೆದುಕೊಳ್ಳುತ್ತಾರೆ. ಬ್ಯಾಟರಿ ಚೆನ್ನಾಗಿದ್ದೂ ಗೇಮ್ ಆಡುವಾಗ ಮಾತ್ರ ಬೀಳುತ್ತಿದ್ದರೆ 360 ವ್ಯಾಟ್ ಮೀರುತ್ತಿದೆಯೇ ಲೆಕ್ಕ ಹಾಕಿ.

ಹೋಮ್ ಇನ್ವರ್ಟರ್ ಮೇಲೆ ಕಂಪ್ಯೂಟರ್ ನಡೆಸುವವರು ಅದರ ಹಿಂದೆ ಅಥವಾ ಮುಂದೆ ಇರುವ ಸಣ್ಣ ಸ್ವಿಚ್ ನೋಡಿ. ‘ಯುಪಿಎಸ್ ಮೋಡ್’ನಲ್ಲಿ ಇನ್ವರ್ಟರ್ ಬೇಗ ಬದಲಾಗುತ್ತದೆ, ಮೇನ್ಸ್ 180 ವೋಲ್ಟ್ ಸುಮಾರಿಗೆ ಇಳಿದರೂ ಬ್ಯಾಟರಿಗೆ ಹೋಗುತ್ತದೆ. ‘ಇಕೋ’ ಅಥವಾ ‘ನಾರ್ಮಲ್’ ಮೋಡ್‌ನಲ್ಲಿ ಅದು 100 ವೋಲ್ಟ್ ಸುಮಾರಿಗೆ ಇಳಿಯುವವರೆಗೂ ಮೇನ್ಸನ್ನೇ ಬಿಡುತ್ತದೆ, ಬದಲಾಗುವುದೂ ನಿಧಾನ. ಫ್ಯಾನ್ ದೀಪಗಳಿಗೆ ಅದು ಗೊತ್ತೂ ಆಗುವುದಿಲ್ಲ, ಕಂಪ್ಯೂಟರ್ ಬೀಳುತ್ತದೆ. ಸ್ವಿಚ್ ಒಂದನ್ನು ಆಚೆಗೆ ತಳ್ಳಿದರೆ ಮುಗಿಯುವ ಕೆಲಸ. ಸ್ಕ್ವೇರ್ ವೇವ್ ಇನ್ವರ್ಟರ್ ಮತ್ತು ಆಕ್ಟಿವ್ ಪಿಎಫ್‌ಸಿ ಎಸ್‌ಎಂಪಿಎಸ್ ಜೋಡಿಯನ್ನು ಮಾತ್ರ ಮಾಡಬೇಡಿ, ಕೆಲವು ಎಸ್‌ಎಂಪಿಎಸ್‌ಗಳು ಆ ಅಲೆಯನ್ನು ಒಪ್ಪದೆ ಆಫ್ ಆಗುತ್ತವೆ.

ಕ್ಯಾಬಿನೆಟ್ ಒಳಗೆ

ಮೊದಲ ಕೆಲಸ ಎರಡು ನಿಮಿಷದ್ದು, ಮಾಡುವವರು ಕಡಿಮೆ. ಮುಂಭಾಗದ ಬಟನ್‌ಗಳಿಂದ ಮದರ್‌ಬೋರ್ಡ್‌ಗೆ ಬರುವ ಸಣ್ಣ ಕನೆಕ್ಟರ್‌ಗಳಲ್ಲಿ ರೀಸೆಟ್ ಎಸ್‌ಡಬ್ಲ್ಯು ಎಂದು ಬರೆದಿರುವುದನ್ನು ಕಿತ್ತು ಪಕ್ಕಕ್ಕಿಡಿ. ರೀಸೆಟ್ ಬಟನ್‌ನ ಸ್ಪ್ರಿಂಗ್ ಸೋತು ಅಥವಾ ಧೂಳು, ತೇವ ಸೇರಿ ತಾನಾಗಿ ಶಾರ್ಟ್ ಆಗುವುದುಂಟು, ಮಳೆಗಾಲದಲ್ಲಿ ಹೆಚ್ಚು. ಇದನ್ನು ಕಿತ್ತ ಮೇಲೆ ಕಾಯಿಲೆ ನಿಂತರೆ ಖರ್ಚು ಸೊನ್ನೆ. ಪವರ್ ಬಟನ್ ಮೇಲೆ ಅನುಮಾನವಿದ್ದರೆ, ಮಷೀನ್ ಆನ್ ಆದ ಮೇಲೆ ಅದರ ಕನೆಕ್ಟರನ್ನೂ ಮೆಲ್ಲಗೆ ಎಳೆದಿಡಬಹುದು.

ಮುಂದಿನದು 24 ಪಿನ್ ಮತ್ತು ಪ್ರೊಸೆಸರ್ ಹತ್ತಿರದ 8 ಅಥವಾ 4 ಪಿನ್ ಕನೆಕ್ಟರ್. ಕರೆಂಟ್ ಪೂರ್ತಿ ತೆಗೆದು ಇವನ್ನು ಬಿಚ್ಚಿ, ಬೆಳಕಿಗೆ ಹಿಡಿದು ಒಂದೊಂದು ತೂತನ್ನೂ ನೋಡಿ. ಹಳದಿ ತಂತಿಗಳ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಆ ಪಿನ್ ಸರಿಯಾಗಿ ಕೂರದೆ ಕಾದಿದೆ. ಮತ್ತೆ ಹಾಕುವಾಗ ಕ್ಲಿಪ್ ಟಕ್ಕೆಂದು ಕೂರಬೇಕು. ಗ್ರಾಫಿಕ್ಸ್ ಕಾರ್ಡ್‌ಗೆ ಎರಡು 8 ಪಿನ್ ಬೇಕಿದ್ದರೆ ಒಂದೇ ಕೇಬಲ್‌ನ ಎರಡು ತುದಿಗಳನ್ನು ಹಾಕದೆ ಎರಡು ಬೇರೆ ಕೇಬಲ್ ಎಳೆಯಿರಿ.

ಈಗ ಎಸ್‌ಎಂಪಿಎಸ್ ಲೇಬಲ್. ಕ್ಯಾಬಿನೆಟ್ ಜೊತೆಗೇ ಬರುವ ಅಗ್ಗದ ಎಸ್‌ಎಂಪಿಎಸ್ ಮೇಲೆ ದೊಡ್ಡದಾಗಿ 450 ಎಂದಿರುತ್ತದೆ. ಆ ಸಂಖ್ಯೆ ಬಿಟ್ಟು ಕೆಳಗಿನ ಪಟ್ಟಿಯಲ್ಲಿ +12 ವೋಲ್ಟ್ ಎದುರು ಎಷ್ಟು ಆಂಪ್ಸ್ ಎಂದು ನೋಡಿ. ಅಲ್ಲಿ 14 ಎಂದಿದ್ದರೆ 12 ಗುಣಿಸು 14, ಬರುವುದು 168 ವ್ಯಾಟ್. ಇಂದಿನ ಕಂಪ್ಯೂಟರ್‌ನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ 12 ವೋಲ್ಟ್ ಲೈನ್‌ನಿಂದಲೇ ಉಣ್ಣುವುದು. ಆರ್‌ಟಿಎಕ್ಸ್ 3060 ಒಂದೇ 170 ವ್ಯಾಟ್ ಕೇಳುತ್ತದೆ. ಅಂಥ ಕಾರ್ಡ್ ಹಾಕಿದ ದಿನದಿಂದ ರೀಸ್ಟಾರ್ಟ್ ಶುರುವಾಗಿದ್ದರೆ ಇನ್ನೇನೂ ಹುಡುಕಬೇಕಿಲ್ಲ. ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ 12 ವೋಲ್ಟ್ ಎದುರು 40 ಆಂಪ್ಸ್‌ಗಿಂತ ಹೆಚ್ಚಿರುತ್ತದೆ.

ವೋಲ್ಟೇಜ್ ಅಳೆಯಲು ಮಲ್ಟಿಮೀಟರ್ ಡಿಸಿ 20 ವೋಲ್ಟ್ ರೇಂಜ್. ಖಾಲಿ ಇರುವ ದೊಡ್ಡ ನಾಲ್ಕು ಪಿನ್ ಮೊಲೆಕ್ಸ್ ಕನೆಕ್ಟರ್‌ನ ಕಪ್ಪು ತಂತಿಗೆ ಕಪ್ಪು ಪ್ರೋಬ್, ಹಳದಿಗೆ ಕೆಂಪು ಪ್ರೋಬ್. ಮಷೀನ್ ಓಡುತ್ತಿರಲಿ. 12 ವೋಲ್ಟ್ ಲೈನ್ 11.40ರಿಂದ 12.60ರ ಒಳಗೆ, ಕೆಂಪು ತಂತಿಯ 5 ವೋಲ್ಟ್ 4.75ರಿಂದ 5.25ರ ಒಳಗೆ ಇರಬೇಕು. 24 ಪಿನ್ ಕನೆಕ್ಟರ್‌ನ ಹಿಂದಿನಿಂದ ಕಿತ್ತಳೆ ತಂತಿಗೆ ಪ್ರೋಬ್ ತಾಗಿಸಿದರೆ 3.14ರಿಂದ 3.47. ಪ್ರೋಬ್ ಜಾರಿ ಪಕ್ಕದ ಪಿನ್‌ಗೆ ತಾಗದಂತೆ ಕೈ ಸ್ಥಿರವಾಗಿರಲಿ. ಸುಮ್ಮನಿರುವಾಗ ಬರುವ 12.1ಕ್ಕೆ ಹೆಚ್ಚು ಅರ್ಥವಿಲ್ಲ. ಲೋಡ್ ಹಾಕಿದಾಗ ಅದು 11.9ಕ್ಕೆ ಬಂದು ನಿಂತರೆ ಆರೋಗ್ಯ, 11.5ಕ್ಕೆ ಜಾರುತ್ತ ಹೋದರೆ ಕಾಯಿಲೆ. ಆದರೆ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ತೋರಿಸುತ್ತದೆ, ಮಿಲಿಸೆಕೆಂಡಿನ ಕುಸಿತ ಅದರ ಕಣ್ಣಿಗೆ ಬೀಳುವುದಿಲ್ಲ. ಅಂಕಿ ತಪ್ಪಿದ್ದರೆ ಎಸ್‌ಎಂಪಿಎಸ್ ಕೆಟ್ಟಿದೆ ಎನ್ನಬಹುದು, ಅಂಕಿ ಸರಿಯಿದ್ದರೆ ಎಸ್‌ಎಂಪಿಎಸ್ ಚೆನ್ನಾಗಿದೆ ಎನ್ನಲಾಗದು.

ಹಸಿರು ತಂತಿಗೂ ಕಪ್ಪು ತಂತಿಗೂ ಪೇಪರ್ ಕ್ಲಿಪ್ ಸಿಕ್ಕಿಸಿ ಫ್ಯಾನ್ ತಿರುಗಿತು ಎಂದು ಪಾಸ್ ಮಾಡುವ ರೂಢಿ ಇದೆಯಲ್ಲ, ಅದರಿಂದ ಎಸ್‌ಎಂಪಿಎಸ್ ಪೂರ್ತಿ ಸತ್ತಿಲ್ಲ ಎಂದಷ್ಟೇ ಗೊತ್ತಾಗುತ್ತದೆ. ಲೋಡ್ ಇಲ್ಲದ ಪರೀಕ್ಷೆ ರೀಸ್ಟಾರ್ಟ್ ಕಾಯಿಲೆಗೆ ಉತ್ತರ ಕೊಡುವುದಿಲ್ಲ. ಮತ್ತು ಎಸ್‌ಎಂಪಿಎಸ್ ಡಬ್ಬಿಯ ಸ್ಕ್ರೂ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಆ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಮೀರಿ ಉಳಿದಿರಬಹುದು. ಜಾಲರಿಯ ಮೂಲಕ ಟಾರ್ಚ್ ಹಾಕಿ ಉಬ್ಬಿದ, ಸೋರಿದ ಕೆಪಾಸಿಟರ್ ಕಂಡರೆ ಅಷ್ಟೇ ಸಾಕು.

ಲೋಡ್ ಹಾಕಿ ಬೀಳಿಸುವುದು

ತಾನಾಗಿ ಬೀಳುವುದನ್ನು ಕಾಯುವ ಬದಲು ನಾವೇ ಬೀಳಿಸಲು ಸಾಧ್ಯವಾದರೆ ಹುಡುಕಾಟ ಗಂಟೆಗಳಲ್ಲಿ ಮುಗಿಯುತ್ತದೆ. ಒಂದೊಂದನ್ನೇ ಬೇರೆ ಬೇರೆ ದಣಿಸಿ. ಮೊದಲು ಪ್ರೈಮ್95 ಎಂಬ ಪ್ರೋಗ್ರಾಮ್‌ನ ಸ್ಮಾಲ್ ಎಫ್‌ಎಫ್‌ಟಿ ಪರೀಕ್ಷೆ 20 ನಿಮಿಷ, ಪ್ರೊಸೆಸರ್ ಮಾತ್ರ. ಆಮೇಲೆ ಫರ್‌ಮಾರ್ಕ್ 15 ನಿಮಿಷ, ಗ್ರಾಫಿಕ್ಸ್ ಮಾತ್ರ. ಕೊನೆಗೆ ಒಸಿಸಿಟಿಯ ಪವರ್ ಟೆಸ್ಟ್, ಎರಡೂ ಒಟ್ಟಿಗೆ. ಹಿನ್ನೆಲೆಯಲ್ಲಿ ಎಚ್‌ಡಬ್ಲ್ಯುಇನ್ಫೋ ಪ್ರೋಗ್ರಾಮ್ ಓಡುತ್ತ ತಾಪಮಾನ, ವೋಲ್ಟೇಜನ್ನು ಫೈಲ್‌ಗೆ ಬರೆಯುತ್ತಿರಲಿ, ಬಿದ್ದ ಮೇಲೆ ಕೊನೆಯ ಸಾಲು ಓದಿ. ಅದರ 12 ವೋಲ್ಟ್ ಅಂಕಿ ಎಷ್ಟೋ ಬೋರ್ಡ್‌ಗಳಲ್ಲಿ ತಪ್ಪಾಗಿರುತ್ತದೆ. ಮಲ್ಟಿಮೀಟರ್ ಜೊತೆ ಒಮ್ಮೆ ತಾಳೆ ನೋಡಿ, ಏರಿಳಿತವನ್ನಷ್ಟೇ ನಂಬಿ. ಅಗ್ಗದ ಎಸ್‌ಎಂಪಿಎಸ್ ಇರುವ ಮಷೀನ್‌ನಲ್ಲಿ ಈ ಪರೀಕ್ಷೆಗಳನ್ನು ಹಾಕಿ ಎದ್ದು ಹೋಗಬೇಡಿ, ಪಕ್ಕದಲ್ಲೇ ಇರಿ.

ಒಂಟಿಯಾಗಿ ಎರಡೂ ಪಾಸಾಗಿ ಜೊತೆಯಾದಾಗ ಬಿದ್ದರೆ ಎಸ್‌ಎಂಪಿಎಸ್ ಮೇಲಿನ ಅನುಮಾನ ಬಲವಾಗುತ್ತದೆ. ತಾಪಮಾನ 95–100 ಡಿಗ್ರಿ ಮುಟ್ಟಿದ ಮೇಲೆ ಬಿದ್ದರೆ ಹೀಟ್‌ಸಿಂಕ್ ಧೂಳು, ಒಣಗಿದ ಥರ್ಮಲ್ ಪೇಸ್ಟ್, ನಿಂತ ಫ್ಯಾನ್ ನೋಡಿ.

ಎಲ್ಲ ಪರೀಕ್ಷೆ ಪಾಸಾಗಿ ಗೇಮ್‌ನಲ್ಲಿ ಮಾತ್ರ ಬೀಳುವುದೂ ಉಂಟು. ಫರ್‌ಮಾರ್ಕ್‌ನ ಲೋಡ್ ಸಮತಟ್ಟಾದದ್ದು, ಗೇಮ್‌ನದ್ದು ಏರಿಳಿಯುತ್ತದೆ. 320 ವ್ಯಾಟ್‌ನ ಆರ್‌ಟಿಎಕ್ಸ್ 3080ರಂಥ ಕಾರ್ಡ್‌ಗಳು ಮಿಲಿಸೆಕೆಂಡಿಗೂ ಕಡಿಮೆ ಹೊತ್ತು ಅದಕ್ಕಿಂತ ಬಹಳ ಹೆಚ್ಚು ಎಳೆದು, ಒಳ್ಳೆಯ ಹಳೆಯ ಎಸ್‌ಎಂಪಿಎಸ್‌ಗಳ ಓವರ್‌ಲೋಡ್ ರಕ್ಷಣೆಯನ್ನೂ ಎಬ್ಬಿಸುತ್ತಿದ್ದವು. 2022ರಲ್ಲಿ ಬಂದ ಎಟಿಎಕ್ಸ್ 3.0 ಇಂಥ ಜಿಗಿತಗಳನ್ನು ತಡೆದುಕೊಳ್ಳಬೇಕೆಂದು ಅಳತೆ ಹಾಕಿತು: 450 ವ್ಯಾಟ್ ಮೀರಿದ, ಹೊಸ 12 ವೋಲ್ಟ್ ಕನೆಕ್ಟರ್ ಇರುವ ಎಸ್‌ಎಂಪಿಎಸ್ ತನ್ನ ಸಾಮರ್ಥ್ಯದ ಎರಡು ಪಟ್ಟನ್ನು 100 ಮೈಕ್ರೋಸೆಕೆಂಡ್ ಸಹಿಸಬೇಕು. ಹೊಸದು ಕೊಳ್ಳದೆ ಇದನ್ನು ಪರೀಕ್ಷಿಸಲು ದಾರಿಯಿದೆ. ಆಫ್ಟರ್‌ಬರ್ನರ್ ಎಂಬ ಪ್ರೋಗ್ರಾಮ್‌ನಲ್ಲಿ ಕಾರ್ಡ್‌ನ ಪವರ್ ಲಿಮಿಟ್ ಶೇ 70ಕ್ಕೆ ಇಳಿಸಿ, ಬಯಾಸ್‌ನಲ್ಲಿ ಪ್ರೊಸೆಸರ್ ವೇಗವನ್ನು ತಾನಾಗಿ ಏರಿಸುವ ಟರ್ಬೊ ಆಫ್ ಮಾಡಿ, ಅದೇ ಗೇಮ್ ಆಡಿ. ಬೀಳುವುದು ನಿಂತುಹೋದರೆ ಪವರ್ ಕಡೆಯ ಅನುಮಾನ ಬಲವಾಗುತ್ತದೆ.

ಇದಕ್ಕೆ ತದ್ವಿರುದ್ಧವಾದದ್ದೂ ಇದೆ: ಭಾರದ ಕೆಲಸದಲ್ಲಿ ಗಟ್ಟಿಯಾಗಿ ನಿಂತು, ಸುಮ್ಮನೆ ಬಿಟ್ಟು ಊಟಕ್ಕೆ ಹೋದಾಗ ಬೀಳುವುದು. ಪ್ರೊಸೆಸರ್ ಆಳದ ನಿದ್ದೆಗೆ ಹೋದಾಗ 12 ವೋಲ್ಟ್ ಲೈನ್ ಮೇಲಿನ ಲೋಡ್ ತೀರಾ ಕಡಿಮೆಯಾಗುತ್ತದೆ, ಕೆಲವು ಹಳೆಯ ಎಸ್‌ಎಂಪಿಎಸ್‌ಗಳು ಅಷ್ಟು ಕಡಿಮೆ ಲೋಡಿನಲ್ಲಿ ಸ್ಥಿರವಾಗಿರುವುದಿಲ್ಲ. ರೈಜೆನ್ ಬೋರ್ಡ್‌ಗಳ ಬಯಾಸ್‌ನಲ್ಲಿ ‘ಪವರ್ ಸಪ್ಲೈ ಐಡಲ್ ಕಂಟ್ರೋಲ್’ ಎಂಬುದನ್ನು ‘ಟಿಪಿಕಲ್ ಕರೆಂಟ್ ಐಡಲ್’ ಮಾಡಿ ನೋಡಿ. ಇಂಟೆಲ್‌ನಲ್ಲಿ ಆಳದ ಸಿ-ಸ್ಟೇಟ್‌ಗಳನ್ನು (ನಿದ್ದೆಯ ಹಂತಗಳನ್ನು) ಆಫ್ ಮಾಡಿ.

ಎಸ್‌ಎಂಪಿಎಸ್ ಅಲ್ಲದಿದ್ದರೆ

ರ‍್ಯಾಮ್‌ನ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಸೆಟ್ಟಿಂಗನ್ನು ಬಯಾಸ್‌ನಲ್ಲಿ ಆಫ್ ಮಾಡಿ ಕೆಲವು ದಿನ ನಡೆಸಿ. ಮೆಮ್‌ಟೆಸ್ಟ್86 ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನಾಲ್ಕು ಪಾಸ್ ಪೂರ್ತಿ ಬಿಡಿ, ಒಂದೇ ಒಂದು ಎರರ್ ಬಂದರೂ ಅದು ಎರರ್‌ರೇ. ಮದರ್‌ಬೋರ್ಡ್ ಹಿಂದೆ ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆ ಸ್ಟ್ಯಾಂಡ್‌ಆಫ್ ಹೆಚ್ಚುವರಿ ಒಂದು ಅಥವಾ ಬಿದ್ದ ಸ್ಕ್ರೂ ಇದೆಯೇ ನೋಡಿ.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇರುವವರು ಎಸ್‌ಎಂಪಿಎಸ್‌ಗೆ ದುಡ್ಡು ಹಾಕುವ ಮೊದಲು ಬಯಾಸ್ ಅಪ್‌ಡೇಟ್ ಮಾಡಲೇಬೇಕು. ಪ್ರೊಸೆಸರ್ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳಿ ಕ್ರಮೇಣ ಅಸ್ಥಿರವಾಗುವ ದೋಷವನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು ಆಗಸ್ಟ್‌ನಲ್ಲಿ 0ಎಕ್ಸ್129, ಆಮೇಲೆ 0ಎಕ್ಸ್12ಬಿ ಮೈಕ್ರೋಕೋಡ್ (ಬಯಾಸ್ ಅಪ್‌ಡೇಟ್ ಜೊತೆ ಬರುವ ಪ್ರೊಸೆಸರ್ ತಿದ್ದುಪಡಿ) ಬಿಟ್ಟಿತು, ದೋಷಕ್ಕೆ ಸಿಕ್ಕ ಬಾಕ್ಸ್ಡ್ ಪ್ರೊಸೆಸರ್‌ಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆಗಲೇ ಹಾಳಾದ ಚಿಪ್ ಅಪ್‌ಡೇಟ್‌ನಿಂದ ವಾಸಿಯಾಗುವುದಿಲ್ಲ, ವಾರಂಟಿಯಲ್ಲಿ ಬದಲಿಸಿಕೊಳ್ಳಬೇಕು.

ಬದಲಿಸಿ ನೋಡುವಾಗ

ಇಷ್ಟಾದ ಮೇಲೂ ಎಸ್‌ಎಂಪಿಎಸ್ ಕಡೆಗೇ ಬೆರಳು ತೋರುತ್ತಿದ್ದರೆ ಕೊಳ್ಳುವ ಮೊದಲು ಗೆಳೆಯರ ಹತ್ತಿರದ ಒಳ್ಳೆಯದೊಂದನ್ನು ಎರವಲು ತಂದು ಹಾಕಿ. ಅದು ಮಾಡ್ಯುಲರ್ (ಕೇಬಲ್‌ಗಳನ್ನು ಬಿಚ್ಚಿ ತೆಗೆಯಬಹುದಾದದ್ದು) ಆಗಿದ್ದರೆ ಅದರ ಜೊತೆಗಿನ ಕೇಬಲ್‌ಗಳನ್ನೇ ಬಳಸಿ. ಹಳೆಯ ಕೇಬಲ್ ಹೊಸ ಎಸ್‌ಎಂಪಿಎಸ್‌ಗೆ ಸಲೀಸಾಗಿ ಕೂರುತ್ತದೆ, ಆದರೆ ಎಸ್‌ಎಂಪಿಎಸ್ ಕಡೆಯ ಪಿನ್‌ಗಳ ಕ್ರಮ ಒಂದೊಂದು ಕಂಪನಿಯದು ಒಂದೊಂದು, ಒಂದೇ ಕಂಪನಿಯ ಬೇರೆ ಮಾಡೆಲ್‌ಗಳಲ್ಲೂ ಬೇರೆಯಿರಬಹುದು. 5 ವೋಲ್ಟ್ ಜಾಗಕ್ಕೆ 12 ವೋಲ್ಟ್ ಹೋದರೆ ಹಾರ್ಡ್ ಡಿಸ್ಕ್ ಸುಡುತ್ತದೆ, ಒಳಗಿನ ಫೋಟೋಗಳೂ ಹೋಗುತ್ತವೆ. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಕೊಳ್ಳುವಾಗ ವ್ಯಾಟ್ ಕೇಳುವುದಕ್ಕಿಂತ ಮೊದಲು ಲೇಬಲ್ ಓದಲು ಡಬ್ಬಿ ಕೈಗೆ ತೆಗೆದುಕೊಳ್ಳಿ: 12 ವೋಲ್ಟ್ ಆಂಪ್ಸ್, 100–240 ಇನ್‌ಪುಟ್, ವಾರಂಟಿ ಎಷ್ಟು ವರ್ಷ.

ಹಾಕಿದ ಮೇಲೆ ಅದೇ ಸಾಕೆಟ್, ಅದೇ ಯುಪಿಎಸ್, ಅದೇ ಗೇಮ್, ಅದೇ ಹೊತ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ದಿನಕ್ಕೆರಡು ಸಲ ಬೀಳುತ್ತಿದ್ದ ಮಷೀನ್‌ಗೆ ನಾಲ್ಕು ದಿನ ಸಾಕು. ವಾರಕ್ಕೊಮ್ಮೆ ಬೀಳುತ್ತಿದ್ದದ್ದು ಎರಡು ದಿನ ನಿಂತಿತೆಂದರೆ ಇನ್ನೂ ಏನೂ ಸಾಬೀತಾಗಿಲ್ಲ, ಮೂರು ವಾರ ನೋಡಿ. ಅಷ್ಟೂ ದಿನ 6008 ಹೊಸದಾಗಿ ಬರದಿದ್ದರೆ ರೀಸೆಟ್ ಕನೆಕ್ಟರ್ ಮತ್ತೆ ಸಿಕ್ಕಿಸಿ, ಬಯಾಸ್‌ನ ಎಸಿ ಪವರ್ ಲಾಸ್ ಸೆಟ್ಟಿಂಗ್ ಮೊದಲಿನಂತೆ ಮಾಡಿ, ಎರವಲು ತಂದದ್ದನ್ನು ವಾಪಸ್ ಕೊಟ್ಟು ಹೊಸದು ತನ್ನಿ.